ಟಿಂಬರ್ ಯಾರ್ಡಿನ ಪೆಟ್ಟಿಗೆಯಲ್ಲಿ ಮ್ಯೂನಿಕ್ ಸೇರಿದ ಕಂಪ್ಯೂಟರ್

"ಒಳಗೆ ಏನೇನು ಅಲ್ಲಾಡತ್ತೆ, ಅದು ಹೇಳಮ್ಮ ಮೊದ್ಲು."

ಪೆಟ್ಟಿಗೆ ಮಾಡುವ ಯಜಮಾನರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅಳತೆ ಎಷ್ಟು, ಯಾವ ದೇಶಕ್ಕೆ, ಎಷ್ಟು ಬೆಲೆಯ ಮಾಲು ಎನ್ನುವುದನ್ನೆಲ್ಲ ಆಮೇಲೆ ಕೇಳಿದರು. ಅದಕ್ಕೆ ಮುಂಚಿನ ಒಂದು ವಾರದಲ್ಲಿ ನಾನು ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದ್ದೆ. ಎಲ್ಲರೂ ಎಷ್ಟು ಕಿಲೋ, ಎಷ್ಟು ಇಂಚು ಎಂದು ಕೇಳಿದರೇ ಹೊರತು ಒಳಗಿನ ಮಾತು ಒಬ್ಬರೂ ಎತ್ತಲಿಲ್ಲ. ಈ ಒಂದು ಪ್ರಶ್ನೆಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಅದು ಸುಳ್ಳಾಗಲಿಲ್ಲ. ವಿದೇಶಕ್ಕೆ ಡೆಸ್ಕ್‌ಟಾಪ್ ಒಯ್ಯಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಪೂರ್ತಿ ಬರೆಯುತ್ತಿದ್ದೇನೆ.

ಅಂಗಡಿ ಇರುವುದು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ. ಹೆಸರಿನ ಬೋರ್ಡು ಇಲ್ಲ. ಶಟರಿನ ಮೇಲೆ ಕೆಂಪು ಬಣ್ಣದಲ್ಲಿ "ಪ್ಯಾಕಿಂಗ್ ಬಾಕ್ಸ್" ಎಂದು ಬರೆದಿದೆ, ಅಷ್ಟೇ. ಒಳಗೆ ಒಂದು ಕಟಿಂಗ್ ಮೆಷಿನ್, ಗೋಡೆಗೆ ಒರಗಿಸಿದ ಪ್ಲೈವುಡ್ ಹಲಗೆಗಳು, ಮೂಲೆಯಲ್ಲಿ ಫೋಮ್ ಶೀಟಿನ ಸುರುಳಿಗಳು, ಕೆಲಸಕ್ಕೆ ಇಬ್ಬರು ಹುಡುಗರು. ಪೀಣ್ಯದ ಕಾರ್ಖಾನೆಗಳಿಂದ ಹೊರಗೆ ಹೋಗುವ ಮೋಟಾರು, ಪಂಪು, ಬಿಡಿಭಾಗಗಳಿಗೆ ಪೆಟ್ಟಿಗೆ ಮಾಡಿಕೊಡುವುದು ಅವರ ನಿತ್ಯದ ಕೆಲಸ. ಕಂಪ್ಯೂಟರಿಗೆ ಪೆಟ್ಟಿಗೆ ಮಾಡಿದ್ದು ಇದೇ ಮೊದಲು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ನಾನು ಯಾಕೆ ಇಷ್ಟು ಹಟ ಹಿಡಿದೆ ಎನ್ನುವುದನ್ನೂ ಹೇಳಬೇಕು. ನನ್ನದು ಮನೆ, ಆಫೀಸುಗಳ ಒಳಾಂಗಣದ ಚಿತ್ರಗಳನ್ನು ಬ್ಲೆಂಡರ್ ಎನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಮಾಡಿಕೊಡುವ ಕೆಲಸ. 2021ರ ಕೊನೆಯಲ್ಲಿ ಈ ಮೆಷಿನ್ ಕಟ್ಟಿದೆ. ಆ ವರ್ಷ ಗ್ರಾಫಿಕ್ಸ್ ಕಾರ್ಡುಗಳಿಗೆ ಎಂಥ ಬರ ಇತ್ತು ಎಂದು ಆಗ ಕೊಂಡವರಿಗೆ ನೆನಪಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಕೇಳಿದಷ್ಟು ಕೊಟ್ಟು 12 ಜಿಬಿಯ ಆರ್‌ಟಿಎಕ್ಸ್ 3060 ತಂದಿದ್ದೆ. ರೈಜನ್ 7 5800ಎಕ್ಸ್ ಪ್ರೊಸೆಸರ್, ಅದು ಕಾಯದಂತೆ ಮೇಲೆ ಕೂರಿಸಿದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಕೂಲರ್. ಒಂದೊಂದು ಭಾಗಕ್ಕೂ ಒಂದೊಂದು ಕೆಲಸದ ಹಣ ಹೋಗಿದೆ. ಯಾವ ಮನೆಯ ಅಡುಗೆಮನೆಯ ಚಿತ್ರದ ಹಣದಲ್ಲಿ ರ‍್ಯಾಮ್ ಕೊಂಡೆ ಎನ್ನುವುದೂ ನೆನಪಿದೆ. ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿತು ಎಂದಾಗ ಧಾರವಾಡದಿಂದ ಅಮ್ಮ, "ಅಲ್ಲೇನ ಕಂಪ್ಯೂಟರ್ ಸಿಗೂದಿಲ್ಲೇನ? ಇಷ್ಟ ದೊಡ್ಡದನ್ನ ಯಾಕ ಹೊತಗೊಂಡ ಹೋಗ್ತೀ?" ಎಂದಳು. ಸಿಗುತ್ತದೆ. ಆದರೆ ಹೊಸ ಊರಿಗೆ ಕಾಲಿಡುವಾಗ ಮನೆಯ ಅಡ್ವಾನ್ಸು, ಪಾತ್ರೆ, ಚಳಿಯ ಕೋಟು ಎಲ್ಲಕ್ಕೂ ದುಡ್ಡು ಬೇಕು. ಚೆನ್ನಾಗಿ ದುಡಿಯುತ್ತಿರುವ ಮೆಷಿನ್ನನ್ನು ಅರ್ಧ ಬೆಲೆಗೆ ಮಾರಿ, ಅಲ್ಲಿ ಪೂರ್ತಿ ಬೆಲೆ ಕೊಟ್ಟು ಅಂಥದ್ದನ್ನೇ ಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹಾಗಂತ ಕಣ್ಣುಮುಚ್ಚಿ ಯಾರ ಕೈಗಾದರೂ ಕೊಡುವ ಧೈರ್ಯವೂ ಇರಲಿಲ್ಲ. ಒಮ್ಮೆ ಪೆಟ್ಟು ತಿಂದಿದ್ದೆ. 2022ರಲ್ಲಿ ಧಾರವಾಡದಿಂದ ಬೆಂಗಳೂರಿಗೆ ಮನೆ ಬದಲಿಸುವಾಗ ಒಂದು ಪ್ಯಾಕರ್ಸ್ ಕಂಪನಿಗೆ ಇದೇ ಕಂಪ್ಯೂಟರನ್ನು ಒಪ್ಪಿಸಿದ್ದೆ. ಅವರು ಮೂರು ಸುತ್ತು ಬಬಲ್ ರ‍್ಯಾಪ್ ಸುತ್ತಿ, ಕಾರ್ಟನ್ನಿಗೆ ಹಾಕಿ, ಮೇಲೆ ಕಂಬಳಿ ಕಟ್ಟಿ ಲಾರಿಗೆ ಏರಿಸಿದರು. ಬೆಂಗಳೂರಲ್ಲಿ ಇಳಿದಾಗ ಕಾರ್ಟನ್ನಿನ ಒಂದು ಮೂಲೆಯೂ ನಜ್ಜುಗುಜ್ಜಾಗಿರಲಿಲ್ಲ. ಬಿಚ್ಚಿದರೆ ಒಳಗೆ ಗಾಜಿನ ಬಾಗಿಲು ಸಕ್ಕರೆ ಹರಳಿನಂತೆ ಪುಡಿಪುಡಿ. ಕೂಲರು ತನ್ನ ಹಿಡಿಕೆಯಿಂದ ಕಿತ್ತುಕೊಂಡು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದಿತ್ತು. ಕಾರ್ಡು ಕೂತಿದ್ದ ಸ್ಲಾಟು ಸೀಳಿತ್ತು. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನೇ ಬದಲಿಸಬೇಕಾಯಿತು. ಪರಿಹಾರ ಕೇಳಿದರೆ, ಹೊರಗಿನ ಪ್ಯಾಕಿಂಗ್ ಸರಿಯಾಗಿದೆ, ಒಳಗಿನ ಡ್ಯಾಮೇಜಿಗೆ ನಾವು ಜವಾಬ್ದಾರರಲ್ಲ ಎಂದರು. ಎರಡು ತಿಂಗಳು ಫೋನ್ ಮಾಡಿ ಮಾಡಿ ಸುಸ್ತಾಗಿ ಬಿಟ್ಟುಬಿಟ್ಟೆ.

ಆಮೇಲೆ ಕೂತು ಓದಿದಾಗ ನನ್ನ ತಪ್ಪೂ ಗೊತ್ತಾಯಿತು. ಆ ಕೂಲರು ಫ್ಯಾನುಗಳ ಸಮೇತ 1.32 ಕಿಲೋ ತೂಗುತ್ತದೆ. 700 ಗ್ರಾಂಗಿಂತ ಭಾರದ ಕೂಲರನ್ನು ಸಾಗಿಸುವ ಮುಂಚೆ ಮದರ್‌ಬೋರ್ಡಿನಿಂದ ಬಿಚ್ಚಿಡಬೇಕು ಎಂದು ನಾಕ್ಟುವಾದವರೇ ಹೇಳುತ್ತಾರೆ. ಕಂಪ್ಯೂಟರ್ ನಿಂತಿರುವಾಗ ಬೋರ್ಡು ಗೋಡೆಯಂತೆ ನೆಟ್ಟಗಿರುತ್ತದೆ. ಆ ಗೋಡೆಗೆ ಹೊಡೆದ ಮೊಳೆಗೆ ತುಂಬಿದ ಕೊಡ ನೇತುಹಾಕಿದಂತೆ ಕೂಲರು ಅದಕ್ಕೆ ಜೋತುಬಿದ್ದಿರುತ್ತದೆ. ಮೇಜಿನ ಮೇಲೆ ಇದ್ದಷ್ಟು ದಿನ ಏನೂ ಆಗುವುದಿಲ್ಲ. ಲಾರಿಯೋ ಟ್ರಾಲಿಯೋ ಒಂದು ಸಲ ಎತ್ತಿಹಾಕಿದರೆ ಆ ಭಾರವೆಲ್ಲ ನಾಲ್ಕು ಸ್ಕ್ರೂಗಳ ಮೇಲೆ ಒಮ್ಮೆಗೇ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡಿನದೂ ಇದೇ ಪಾಡು. ಹೊರಗೆ ಎಷ್ಟು ಮೆತ್ತೆ ಸುತ್ತಿದರೂ ಒಳಗಿನ ಭಾರ ಒಳಗೇ ಹೊಡೆದಾಡುತ್ತದೆ.

ಹಾಗಾಗಿ "ಒಳಗೆ ಏನೇನು ಅಲ್ಲಾಡತ್ತೆ" ಎಂದು ಕೇಳಿದಾಗ ನಾನು ಆ ಹಳೆಯ ಕಥೆಯನ್ನೆಲ್ಲ ಹೇಳಿದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, "ಮೋಟರ್ದೂ ಹಂಗೇಯ. ರೋಟರ್ ಕಟ್ದೆ ಕಳ್ಸಿದ್ರೆ ಬಾಕ್ಸ್ ನೆಟ್ಟಗಿರತ್ತೆ, ಬೇರಿಂಗ್ ಹೋಗಿರತ್ತೆ. ಭಾರ ಇರೋದನ್ನೆಲ್ಲ ಬಿಚ್ಚಿ ನೀನೇ ಕೈಯಲ್ಲಿ ತಗೊಂಡೋಗು. ಮಿಕ್ಕಿದ್ದಕ್ಕೆ ನಾನು ಜವಾಬ್ದಾರಿ" ಎಂದರು.

ಇಲ್ಲಿಗೆ ಬರುವ ಮುಂಚೆ ಬೇರೆ ದಾರಿಗಳನ್ನೂ ನೋಡಿದ್ದೆ. ಕೊರಿಯರಿನವರು ನಿಜವಾದ ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕವನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನನ್ನ ಪೆಟ್ಟಿಗೆಗೆ ಅದು 24 ಕಿಲೋದ ಹತ್ತಿರ ಬರುತ್ತಿತ್ತು. ಹಡಗಿನಲ್ಲಿ ಕಳಿಸುವುದು ಮನೆ ಸಾಮಾನೆಲ್ಲ ಒಯ್ಯುವವರಿಗೆ ಸರಿ, ಒಂದು ಪೆಟ್ಟಿಗೆಗೆ ಅಲ್ಲ. ವಾರಗಟ್ಟಲೆ ಸಮುದ್ರದ ತೇವದಲ್ಲಿ ಇರುತ್ತದೆ ಎನ್ನುವ ಅಂಜಿಕೆ ಬೇರೆ. ನನ್ನ ಟಿಕೆಟ್ಟಿನಲ್ಲಿ ತಲಾ 23 ಕಿಲೋದ ಎರಡು ಲಗೇಜಿಗೆ ಅವಕಾಶ ಇತ್ತು. ಮೂರೂ ಅಳತೆ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ, ನಡುವೆ ಇಳಿಸಿ ಏರಿಸುವ ರಗಳೆ ಇಲ್ಲ. ಒಂದು ಸೂಟ್‌ಕೇಸು, ಒಂದು ಕಂಪ್ಯೂಟರ್ ಪೆಟ್ಟಿಗೆ ಎಂದು ತೀರ್ಮಾನಿಸಿದೆ.

ಈಗ ಪೆಟ್ಟಿಗೆಯ ವಿಷಯ. ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಹೊರಗೂಡಿನ, ಅಳತೆ 46 ಸೆಂಟಿಮೀಟರ್ ಎತ್ತರ, 43 ಉದ್ದ, 21 ಅಗಲ. ಸುತ್ತಲೂ ಐದೈದು ಸೆಂಟಿಮೀಟರ್ ಫೋಮ್ ಇರಲೇಬೇಕು ಎಂದರು ಯಜಮಾನರು. ನಾನು ಗಟ್ಟಿ ಇರಲಿ ಎಂದು 12 ಎಂಎಂ ಪ್ಲೈ ಹಾಕಿ ಎಂದೆ. ಅವರು ಪೆನ್ಸಿಲ್ ತೆಗೆದು ಹಲಗೆಯ ಮೇಲೇ ಲೆಕ್ಕ ಹಾಕಿ, ಬರೀ ಹಲಗೆಯೇ ಒಂಬತ್ತು ಕಿಲೋ ಆಗುತ್ತದೆ ಎಂದು ತೋರಿಸಿದರು. 6 ಎಂಎಂ ಹಲಗೆಗೆ ಅಂಚುಗಳಲ್ಲಿ ಪಟ್ಟಿ ಕೊಟ್ಟರೆ ಅರ್ಧ ತೂಕದಲ್ಲಿ ಬೇಕಾದಷ್ಟು ಬಿಗಿ ಬರುತ್ತದೆ. ಪೆಟ್ಟು ಬೀಳುವುದೇ ಅಂಚಿಗೆ ಮತ್ತು ಮೂಲೆಗೆ, ನಡುವಿಗಲ್ಲ ಎನ್ನುವುದು ಅವರ ಅನುಭವ.

ಪಟ್ಟಿಯ ವಿಷಯದಲ್ಲಿ ಅವರಿಗೆ ಗೊತ್ತಿದ್ದ ಒಂದು ಸಂಗತಿ ನನ್ನನ್ನು ಒಂದು ದೊಡ್ಡ ತೊಂದರೆಯಿಂದ ಉಳಿಸಿತು. ಅಂಗಡಿಯಲ್ಲಿ ಪೈನ್ ಮರದ ಪಟ್ಟಿಗಳು ರಾಶಿ ಬಿದ್ದಿದ್ದವು. ಅವನ್ನೇ ಹೊಡೆದರೆ ಕೆಲಸ ಬೇಗ ಮುಗಿಯುತ್ತಿತ್ತು. ಅವರು ಹೊಡೆಯಲಿಲ್ಲ. ಹಸಿ ಮರದಲ್ಲಿ ಹುಳ, ಮೊಟ್ಟೆ ಬೇರೆ ದೇಶಕ್ಕೆ ಹೋಗಬಾರದೆಂದು ಐಎಸ್‌ಪಿಎಂ 15 ಎನ್ನುವ ಅಂತಾರಾಷ್ಟ್ರೀಯ ನಿಯಮ ಇದೆ. ಮರದ ಒಳತಿರುಳು 56 ಡಿಗ್ರಿ ಶಾಖದಲ್ಲಿ ಸತತ 30 ನಿಮಿಷ ಕಾದಿರಬೇಕು, ಹಾಗೆ ಕಾಯಿಸಿದ್ದಕ್ಕೆ ಗುರುತಾಗಿ ಮರದ ಮೇಲೆ ಮುದ್ರೆ ಇರಬೇಕು. ಮುದ್ರೆ ಇಲ್ಲದ ಮರದ ಪೆಟ್ಟಿಗೆಯನ್ನು ಯುರೋಪಿನಲ್ಲಿ ತಡೆದು ನಿಲ್ಲಿಸಬಹುದು. ಪ್ಲೈವುಡ್ಡಿಗೆ ಈ ನಿಯಮ ಇಲ್ಲ. ಅದನ್ನು ಮಾಡುವಾಗಲೇ ಅಂಟು, ಶಾಖ, ಒತ್ತಡ ಎಲ್ಲ ಆಗಿರುತ್ತದೆ. "ಒಂದು ಬಾಕ್ಸಿಗೆ ಸೀಲ್ ಹಾಕ್ಸೋಕೆ ಹೋದ್ರೆ ನಿಂಗೆ ದಂಡ. ಪಟ್ಟಿನೂ ಪ್ಲೈಲೇ ಕೊಯ್ಸ್ತೀನಿ" ಎಂದು 12 ಎಂಎಂ ಪ್ಲೈಯನ್ನೇ ಎರಡಿಂಚು ಅಗಲಕ್ಕೆ ಸೀಳಿಸಿ, ಅಂಟು ಹಚ್ಚಿ, ಸ್ಕ್ರೂ ಹೊಡೆದು ಎಲ್ಲ ಅಂಚಿಗೂ ಕೂಡಿಸಿದರು. ಇಡೀ ಪೆಟ್ಟಿಗೆಯಲ್ಲಿ ಇಡಿಮರದ ಒಂದು ತುಂಡೂ ಇಲ್ಲ.

ಫೋಮ್ ಆರಿಸಿದ ರೀತಿಯನ್ನು ನಾನು ಮರೆಯುವುದಿಲ್ಲ. ಎರಡು ಬಗೆಯ ಇಪಿಇ (ಪಾಲಿಥೀನಿನ) ಫೋಮ್ ಇತ್ತು. ಬಿಳಿಯದು ಮುಟ್ಟಿದರೆ ದಿಂಬಿನಷ್ಟು ಮೆತ್ತಗೆ. ಕಪ್ಪನೆಯದು ಒತ್ತಿದರೆ ಹೆಬ್ಬೆರಳು ಸ್ವಲ್ಪವೇ ಇಳಿಯುತ್ತಿತ್ತು. ನನ್ನ ಕೈ ಬಿಳಿಯದರ ಮೇಲೇ ಹೋಯಿತು. ಯಜಮಾನರು ಏನೂ ಹೇಳದೆ ಹುಡುಗನಿಗೆ ಮೂರು ಇಟ್ಟಿಗೆ ತರಲು ಹೇಳಿ, ಸುತಳಿಯಲ್ಲಿ ಬಿಗಿಯಾಗಿ ಕಟ್ಟಿದರು. ಭಾರದ್ದೆಲ್ಲ ಬಿಚ್ಚಿದ ಮೇಲೆ ನನ್ನ ಕ್ಯಾಬಿನೆಟ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ಅಂಗೈಯಗಲದ ಎರಡೆರಡು ಫೋಮ್ ತುಂಡುಗಳನ್ನು ನೆಲಕ್ಕಿಟ್ಟು ಇಟ್ಟಿಗೆ ಕಟ್ಟನ್ನು ಮೇಲೆ ಕೂರಿಸಿದರು. ಬಿಳಿ ಫೋಮ್ ಅರ್ಧಕ್ಕೆ ಕುಗ್ಗಿತು. ಕಪ್ಪು ಫೋಮ್ ಟೇಪಿನಲ್ಲಿ ಅಳೆದರೆ ಐದು ಎಂಎಂ ಇಳಿದಿತ್ತು. ಆಮೇಲೆ ಕಟ್ಟನ್ನು ಒಂದು ಗೇಣು ಮೇಲಕ್ಕೆತ್ತಿ ಬಿಟ್ಟರು. ಬಿಳಿಯದರ ಮೇಲೆ ಬಿದ್ದಾಗ "ಟಕ್" ಎಂದು ನೆಲ ತಾಗಿದ ಸದ್ದು. ಕಪ್ಪನೆಯದರ ಮೇಲೆ "ಧಪ್" ಎಂದು ಮೆತ್ತನೆಯ ಸದ್ದು. "ಕೇಳಿಸ್ತಾ?" ಎಂದರು. ಕೇಳಿಸಿತು. ಪೂರ್ತಿ ಕುಗ್ಗಿದ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೀರಾ ಗಟ್ಟಿ ಇದ್ದರೂ ಪೆಟ್ಟು ಹಾಗೇ ಒಳಗೆ ದಾಟುತ್ತದೆ. ಹೊತ್ತ ಭಾರಕ್ಕೆ ತಕ್ಕಷ್ಟು ಮಾತ್ರ ಬಗ್ಗಬೇಕು.

ಇದೇ ಕಾರಣಕ್ಕೆ ಕ್ಯಾಬಿನೆಟ್ ಜೊತೆಗೆ ಬಂದ ಕಂಪನಿಯ ಡಬ್ಬ, ಥರ್ಮಾಕೋಲು ನಿಮ್ಮ ಹತ್ತಿರ ಇದ್ದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಅದು ಖಾಲಿ ಕ್ಯಾಬಿನೆಟ್ಟಿನ ತೂಕಕ್ಕೆ ಮಾಡಿದ್ದು. ಒಳಗೆ ಎಲ್ಲ ತುಂಬಿದ ಮೆಷಿನ್ನಿಗೆ ಅಲ್ಲ.

ಕಪ್ಪು ಫೋಮಿನಲ್ಲಿ ಎಂಟು ಮೂಲೆಗೆ ಎಂಟು, ಬದಿಗಳಿಗೆ ನಾಲ್ಕು, ಒಟ್ಟು ಹನ್ನೆರಡು ತುಂಡು ಕೊಯ್ದರು. ಯಾವುದು ಎಲ್ಲಿಗೆ ಎಂದು ಮರೆಯಬಾರದೆಂದು ಪ್ರತಿಯೊಂದರ ಮೇಲೂ ಬಿಳಿ ಸೀಮೆಸುಣ್ಣದಲ್ಲಿ ೧, ೨, ೩ ಎಂದು ೧೨ರವರೆಗೆ ಕನ್ನಡದ ಅಂಕಿ ಬರೆದರು. ಅದೇ ಅಂಕಿಗಳನ್ನು ಪೆಟ್ಟಿಗೆಯ ಒಳಗೂ ಆಯಾ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದರು. ಅವರ ನಾಲ್ಕು ತುಂಬ ದುಂಡಗೆ, ಶಾಲೆಯಲ್ಲಿ ತಿದ್ದಿದ ಹಾಗಿತ್ತು.

ಮುಚ್ಚಳದ ಬಗ್ಗೆ ಮಾತ್ರ ನಾವಿಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದೆವು. ಅವರ ರೂಢಿ ಮೊಳೆ ಹೊಡೆಯುವುದು. ಏರ್‌ಪೋರ್ಟಿನಲ್ಲಿ ತೆಗೆದು ತೋರಿಸಿ ಎಂದರೆ ಮೊಳೆ ಕೀಳಲು ಆಗುವುದಿಲ್ಲ, ಸ್ಕ್ರೂಡ್ರೈವರ್ ಕ್ಯಾಬಿನ್ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದೆ. ಚಿಲಕ ಹಾಕೋಣ ಎಂದರೆ ಅದು ಹೊರಗೆ ಚಾಚಿಕೊಂಡು ಬೆಲ್ಟಿನಲ್ಲಿ ಸಿಕ್ಕಿ ಕಿತ್ತುಹೋಗುತ್ತದೆ ಎಂದರು ಅವರು. ಮರುದಿನ ಹೋದಾಗ ಉಪಾಯ ಸಿದ್ಧವಾಗಿತ್ತು. ಚಪ್ಪಟೆ ತಲೆಯ ಎಂಟು ಬೋಲ್ಟುಗಳನ್ನು ತಂದು, ಪ್ರತಿಯೊಂದರ ತಲೆಯ ಮೇಲಿನ ಸೀಳನ್ನು ಹ್ಯಾಕ್ಸಾದಿಂದ ಅಗಲ ಮಾಡಿದ್ದರು. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅದರಲ್ಲಿಟ್ಟು ತಿರುಗಿಸಿದರು. ಬೋಲ್ಟು ಸರಾಗವಾಗಿ ಬಿಚ್ಚಿಕೊಂಡಿತು. ಬೋಲ್ಟಿನ ತಲೆ ಹಲಗೆಯ ಮಟ್ಟದಿಂದ ಕೂದಲೆಳೆಯಷ್ಟು ಕೆಳಗೇ ಕೂತಿತ್ತು. ಕೈ ಆಡಿಸಿದರೆ ಎಲ್ಲೂ ತಗಲುವುದಿಲ್ಲ. ಇಡೀ ಪೆಟ್ಟಿಗೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಕೆಲಸ ಇದು.

"ದಿಸ್ ಸೈಡ್ ಅಪ್" ಎಂದು ಬಾಣ ಬರೆಯಿರಿ ಎಂದೆ. "ಬರೀತೀನಮ್ಮ, ಆದ್ರೆ ಯಾರೂ ನೋಡಲ್ಲ. ಆರು ಕಡೆ ಹೆಂಗೆ ಮಲಗ್ಸಿದ್ರೂ ತಡ್ಕೋಬೇಕು, ಹಂಗೇ ಮಾಡಿದೀನಿ" ಎಂದರು. ಮ್ಯೂನಿಕ್‌ನಲ್ಲಿ ಪೆಟ್ಟಿಗೆ ಬಂದಿದ್ದು ತಲೆಕೆಳಗಾಗಿ. ಒಳಗೆ ಏನೂ ಕದಲಿರಲಿಲ್ಲ.

ಇನ್ನು ಬಿಚ್ಚುವ ಕೆಲಸ. ಇದು ನಿಮ್ಮದೇ ಕೆಲಸ, ಪೆಟ್ಟಿಗೆಯವರದ್ದಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೆ ಇಟ್ಟುಕೊಳ್ಳಿ. ನಾನು ಮೊದಲು ಎಲ್ಲ ಡೇಟಾವನ್ನೂ ಇನ್ನೊಂದು ಡ್ರೈವಿಗೆ ನಕಲು ಮಾಡಿ ಅದನ್ನು ತಮ್ಮನ ಮನೆಯಲ್ಲಿ ಇಟ್ಟೆ. ಒಳಗಿನ ಪ್ರತಿ ತಂತಿಯ ಫೋಟೋ ತೆಗೆದೆ. ಗ್ರಾಫಿಕ್ಸ್ ಕಾರ್ಡ್ ತೆಗೆಯುವಾಗ ಸ್ಲಾಟಿನ ತುದಿಯ ಪುಟ್ಟ ಕೊಂಡಿಯನ್ನು ಒತ್ತಿ ಹಿಡಿಯಬೇಕು. ಹಾಗೇ ಎಳೆದರೆ ಅದು ಮುರಿಯುತ್ತದೆ.

ಕೂಲರ್ ತೆಗೆಯುವಾಗ ಎಎಂ4 ಸಾಕೆಟ್ಟಿನ ಬೋರ್ಡಿನವರು (ನನ್ನ ರೈಜನ್ ಕೂರುವುದೂ ಇಂಥದ್ದರಲ್ಲೇ) ವಿಶೇಷ ಎಚ್ಚರ ವಹಿಸಬೇಕು. ಈ ಪ್ರೊಸೆಸರುಗಳಲ್ಲಿ ಸೂಜಿಯಂಥ ಪಿನ್ನುಗಳು ಪ್ರೊಸೆಸರಿನ ತಳದಲ್ಲೇ ಇರುತ್ತವೆ. ಕೂಲರಿಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟು ಒಣಗಿ ಅಂಟಿಕೊಂಡಿದ್ದರೆ ಕೂಲರನ್ನು ನೇರ ಮೇಲಕ್ಕೆಳೆದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನು ಬಗ್ಗುತ್ತದೆ. ನಾನು ಹತ್ತು ನಿಮಿಷ ಒಂದು ರೆಂಡರ್ (ಬ್ಲೆಂಡರ್ ಲೆಕ್ಕ ಹಾಕಿ ಚಿತ್ರ ಮೂಡಿಸುವ ಭಾರಿ ಕೆಲಸ) ಓಡಿಸಿ, ಪೇಸ್ಟು ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದೆ. ಬೆಲ್ಲದ ಪಾಕದಲ್ಲಿ ಅಂಟಿದ ಚಮಚ ಸಡಿಲವಾದ ಹಾಗೆ ಅದು ಬಿಟ್ಟುಕೊಂಡಿತು. ಪ್ರೊಸೆಸರನ್ನು ಅದರ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಇಟ್ಟೆ. ಕಾರ್ಡು, ಎರಡು ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ, ಎಲ್ಲವನ್ನೂ ಆಂಟಿಸ್ಟ್ಯಾಟಿಕ್ ಕವರಿಗೆ ಹಾಕಿ ಕೈಚೀಲಕ್ಕೆ ಸೇರಿಸಿದೆ. ಮಾಮೂಲಿ ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಬೇಡಿ, ಅದು ಉಜ್ಜಿದಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಗುಲಾಬಿ ಬಣ್ಣದ್ದು ಕೇಳಿ, ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಗಾಜಿನ ಬಾಗಿಲಿಗೆ ಯಜಮಾನರೇ ಒಂದು ದಾರಿ ಹೇಳಿದ್ದರು. ಗಾಜು ತೆಗೆದ ಜಾಗಕ್ಕೆ ಸರಿಯಾಗಿ ಅದೇ ಅಳತೆಯ ತೆಳು ಹಾರ್ಡ್‌ಬೋರ್ಡ್ ಕೊಯ್ದು, ಅದೇ ಸ್ಕ್ರೂ ತೂತುಗಳಿಗೆ ಕೂರಿಸಿಕೊಟ್ಟರು. ಗಾಜು ನನ್ನ ಸೂಟ್‌ಕೇಸಿನಲ್ಲಿ ಅಮ್ಮ ಹೊಲಿದುಕೊಟ್ಟ ಕೌದಿಯ ಮಡಿಕೆಗಳ ನಡುವೆ ಬಂತು. ಹಳೆ ಸೀರೆಗಳ ಏಳೆಂಟು ಪದರದ ಕೌದಿ ಅದು. ಗಾಜಿಗೆ ಒಂದು ಗೀರೂ ಬೀಳಲಿಲ್ಲ.

ಯುಪಿಎಸ್ ತಮ್ಮನಿಗೆ ಕೊಟ್ಟೆ. ಅದರ ಸೀಸ-ಆಮ್ಲದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವ ಗೋಜು ಬೇಡವೆನಿಸಿತು. ಮಾನಿಟರ್ ಮಾರಿದೆ. ಜರ್ಮನಿಯಲ್ಲೂ ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್ ಕರೆಂಟು, ಹಾಗಾಗಿ ಪವರ್ ಸಪ್ಲೈ ಚಿಂತೆ ಇರಲಿಲ್ಲ. ಅಲ್ಲಿನ ಪ್ಲಗ್ಗಿನ ಕೇಬಲ್ ಒಂದು ಕೊಂಡರೆ ಸಾಕು. ಅಮೆರಿಕಕ್ಕೆ ಹೋಗುವವರು ಮಾತ್ರ ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಇದೆಯೇ ನೋಡಿಕೊಳ್ಳಿ. ಹಳೆಯವುಗಳಲ್ಲಿ ಹಿಂದೆ 115, 230 ಎಂದು ಬದಲಿಸುವ ಕೆಂಪು ಗುಂಡಿ ಇರುತ್ತದೆ.

ಎಲ್ಲ ಮುಗಿದು ತೂಗಿದಾಗ ಪೆಟ್ಟಿಗೆ 17 ಕಿಲೋ 300 ಗ್ರಾಂ. ಹೊರಗಿನ ಅಳತೆ 60, 57, 35. ಕೂಡಿದರೆ 152. ಇನ್ನೂ ಐದು ಕಿಲೋ ಜಾಗ ಇದೆಯಲ್ಲ, ಕೀಬೋರ್ಡ್, ಮೌಸ್ ತುರುಕೋಣವೇ ಎಂದು ಕೇಳಿದೆ. ಯಜಮಾನರು ಒಪ್ಪಲಿಲ್ಲ. ಫೋಮಿನ ನಡುವಿನ ಖಾಲಿ ಜಾಗ ಖಾಲಿ ಇರುವುದಕ್ಕೇ ಇದೆ, ಅಲ್ಲಿ ಗಟ್ಟಿ ಸಾಮಾನು ಹೋದರೆ ಅದೇ ಸುತ್ತಿಗೆಯಾಗುತ್ತದೆ ಎಂದರು. ತೇವ ಹೀರುವ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಮಾತ್ರ ಹಾಕಿ ಮುಚ್ಚಿದೆವು.

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ ಪೆಟ್ಟಿಗೆಯನ್ನು ದೊಡ್ಡ ಸಾಮಾನಿನ ಕೌಂಟರಿಗೆ ಕಳಿಸಿದರು. ಭದ್ರತಾ ತಪಾಸಣೆಯಲ್ಲಿ ಕೈಚೀಲದಿಂದ ಕಾರ್ಡು, ಕೂಲರು, ಡಿಸ್ಕು ಎಲ್ಲ ಟ್ರೇಗೆ ಹಾಕಿಸಿ ಒಂದೊಂದಾಗಿ ನೋಡಿದರು. ಸಮಯ ಹಿಡಿಯುತ್ತದೆ, ಒಂದು ಗಂಟೆ ಮುಂಚೆ ಹೋಗಿ. ಇವುಗಳ ಬಿಲ್ಲುಗಳ ಪ್ರತಿ ಕೈಯಲ್ಲಿರಲಿ.

ಮ್ಯೂನಿಕ್‌ನಲ್ಲಿ ನಾನೇ ಕಸ್ಟಮ್ಸಿನ ಕೆಂಪು ದಾರಿಗೆ, ಅಂದರೆ ತಂದ ಸಾಮಾನಿನ ಬಗ್ಗೆ ಹೇಳಬೇಕಾದವರ ದಾರಿಗೆ, ಹೋದೆ. ವಿಮಾನದಲ್ಲಿ ಬರುವವರು 430 ಯೂರೋಗಿಂತ ಹೆಚ್ಚು ಬೆಲೆಯ ಸಾಮಾನು ತಂದರೆ ಹೇಳಲೇಬೇಕು. ಆದರೆ ಮನೆಯನ್ನೇ ಬದಲಿಸಿಕೊಂಡು ಬರುವವರ ಬಳಸಿದ ಸಾಮಾನಿಗೆ ಸುಂಕ ವಿನಾಯಿತಿ ಇದೆ. ಅಲ್ಲಿ ಅದನ್ನು ಯೂಬರ್‌ಝೀಡ್ಲುಂಗ್ಸ್‌ಗೂಟ್ ಎನ್ನುತ್ತಾರೆ. ಕನಿಷ್ಠ 12 ತಿಂಗಳು ಯುರೋಪಿಯನ್ ಒಕ್ಕೂಟದ ಹೊರಗೆ ವಾಸವಾಗಿರಬೇಕು, ಸಾಮಾನನ್ನು ಕನಿಷ್ಠ ಆರು ತಿಂಗಳು ಬಳಸಿರಬೇಕು, ತಂದ ಮೇಲೆ 12 ತಿಂಗಳು ಮಾರಬಾರದು. 2021ರ ಬಿಲ್ಲುಗಳು, ಸಾಮಾನಿನ ಪಟ್ಟಿಯ ಎರಡು ಪ್ರತಿ, ಕೆಲಸದ ಕರಾರುಪತ್ರ ಮುಂದಿಟ್ಟೆ. ಅಧಿಕಾರಿ ಪೆಟ್ಟಿಗೆ ತೆಗೆಯಲು ಹೇಳಿದರು. ಪರ್ಸಿನಿಂದ ಒಂದು ರೂಪಾಯಿ ತೆಗೆದು ಎಂಟು ಬೋಲ್ಟು ಬಿಚ್ಚಿದೆ. ಅವರು ಕುತೂಹಲದಿಂದ ಆ ನಾಣ್ಯವನ್ನೇ ನೋಡಿದರು. ಆಮೇಲೆ ಫೋಮ್ ತುಂಡುಗಳ ಮೇಲಿನ ಬರಹ ತೋರಿಸಿ, ಇದೇನು ಗುರುತು ಎಂದು ಕೇಳಿದರು. ಅಂಕಿಗಳು, ನನ್ನ ಭಾಷೆಯವು, ಇದು ಒಂದು, ಇದು ಎರಡು ಎಂದೆ. ನಾಲ್ಕನ್ನು ಬೆರಳಿಂದ ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. ಕಾಗದದ ಮೇಲೆ ಮುದ್ರೆ ಬಿತ್ತು.

ಅದು ಡಿಸೆಂಬರ್. ವಿಮಾನದ ಹೊಟ್ಟೆಯಲ್ಲಿ, ಟ್ಯಾಕ್ಸಿಯ ಡಿಕ್ಕಿಯಲ್ಲಿ ತಣ್ಣಗಾದ ಮೆಷಿನ್ನನ್ನು ಬೆಚ್ಚನೆಯ ಕೋಣೆಯಲ್ಲಿ ತಕ್ಷಣ ಬಿಚ್ಚಿದರೆ ಒಳಗೆ ನೀರಿನ ಹನಿ ಕಟ್ಟುತ್ತದೆ. ರಾತ್ರಿಯಿಡೀ ಮುಚ್ಚಿದ ಹಾಗೇ ಬಿಟ್ಟು ಮರುದಿನ ಜೋಡಿಸಿದೆ. ಹೊಸ ಪೇಸ್ಟು ಹಚ್ಚಿದೆ, ಕೂಲರ್ ಕೂರಿಸಿದೆ, ಕಾರ್ಡು ಹಾಕಿದೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಎದೆ ಧಸಕ್ಕೆಂದಿತು. ಐದು ನಿಮಿಷ ಸುಮ್ಮನೆ ಕೂತೆ. ಆಮೇಲೆ ಟಾರ್ಚ್ ಬಿಟ್ಟು ನೋಡಿದಾಗ ಒಂದು ರ‍್ಯಾಮ್ ಕಡ್ಡಿಯ ತುದಿ ಕೂದಲಷ್ಟು ಮೇಲೆದ್ದಿತ್ತು. ತೆಗೆದು, ಎರಡೂ ಕಡೆ "ಟಿಕ್" ಎನ್ನುವವರೆಗೆ ಒತ್ತಿದೆ. ಈ ಸಲ ಪರದೆ ಬೆಳಗಿತು. ರ‍್ಯಾಮನ್ನೂ ಬಿಚ್ಚಿ ತರಬೇಕಿತ್ತು, ಅದೊಂದು ನನ್ನಿಂದಾದ ತಪ್ಪು. ಆ ಸಂಜೆಯೇ ಬೆಂಗಳೂರಿನಲ್ಲಿ ಅರ್ಧಕ್ಕೆ ಬಿಟ್ಟಿದ್ದ ಒಂದು ರೆಂಡರ್ ಮುಗಿಸಿದೆ.

ಅಂಗಡಿಯ ಬಗ್ಗೆ ದೂರುವುದು ಕೂಡ ಇದೆ, ಅದನ್ನೂ ಬರೆಯುತ್ತೇನೆ. ನಾಲ್ಕು ದಿನ ಎಂದವರು ಆರು ದಿನ ತೆಗೆದುಕೊಂಡರು. ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದರೆ ನಾನು ಕೆಟ್ಟೆ. ಹಿಡಿಕೆಗಳನ್ನು ಉದ್ದದ ಎರಡು ಬದಿಗೆ ಮಾತ್ರ ಕೊಟ್ಟಿದ್ದರಿಂದ ಒಬ್ಬಳೇ ಎತ್ತುವುದು ಕಷ್ಟವಾಯಿತು. ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಮೂರನೇ ಹಿಡಿಕೆಯನ್ನು ಅಗಲದ ಬದಿಗೂ ಕೇಳಿ ಹಾಕಿಸಿಕೊಳ್ಳಿ. ಬಿಲ್ಲು ಕೊಡುವ ರೂಢಿ ಅವರಿಗಿಲ್ಲ, ಕೇಳಿದ ಮೇಲೆ ಕೈಬರಹದ ಚೀಟಿ ಕೊಟ್ಟರು. ದಾರಿಯಲ್ಲಿ ಒಂದು ಮೂಲೆಯ ಪಟ್ಟಿ ಒಂದಿಂಚು ಬಿರುಕು ಬಿಟ್ಟಿದೆ, ಹಲಗೆಗೆ ಏನೂ ಆಗಿಲ್ಲ.

ಒಟ್ಟು ತೆಗೆದುಕೊಂಡಿದ್ದು 4,200 ರೂಪಾಯಿ. ಹಲಗೆ, ಫೋಮ್, ಬೋಲ್ಟು, ಕೂಲಿ, ಗಾಜಿನ ಜಾಗದ ಹಾರ್ಡ್‌ಬೋರ್ಡ್ ಎಲ್ಲ ಸೇರಿ. 2022ರಲ್ಲಿ ಹಾಳಾದ ಮದರ್‌ಬೋರ್ಡಿಗೆ ಕೊಟ್ಟಿದ್ದು ಇದರ ಮೂರರಷ್ಟು. ಅಂಗಡಿಗೆ ಹೋಗುವವರು ಕ್ಯಾಬಿನೆಟ್ಟನ್ನೇ ಜೊತೆಗೆ ಒಯ್ಯಿರಿ, ಫೋನಿನಲ್ಲಿ ಅಳತೆ ಹೇಳಿದರೆ ಅವರು ಒಪ್ಪುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಮೆಷಿನ್ ಶುರುವಾಗುತ್ತದೆ, ಆಮೇಲೆ ಮಾತು ಕೇಳಿಸುವುದಿಲ್ಲ, ಅದಕ್ಕೆ ಮುಂಚೆ ಹೋಗಿ.

ಕಂಪ್ಯೂಟರ್ ಓಡುತ್ತಿರುವ ಫೋಟೋವನ್ನು ಯಜಮಾನರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರದೇ ಧ್ವನಿಯ ಸಂದೇಶ ಬಂತು, ಹಿಂದೆ ಹಲಗೆ ಕೊಯ್ಯುವ ಸದ್ದು: "ಒಳ್ಳೇದಾಯ್ತಮ್ಮ. ಆ ಬಾಕ್ಸ್ ಒಡೀಬೇಡ. ಫೋಮ್‌ನ ನಂಬರ್ ಪ್ರಕಾರ ಜೋಡ್ಸಿ ಇಟ್ಕೋ, ವಾಪಸ್ ಬರ್ತಾ ಬೇಕಾಗತ್ತೆ." ಇಲ್ಲಿನ ಮನೆಗಳಿಗೆ ನೆಲಮಾಳಿಗೆಯಲ್ಲಿ ಒಂದೊಂದು ಸಣ್ಣ ಉಗ್ರಾಣ ಕೊಡುತ್ತಾರೆ. ಪೆಟ್ಟಿಗೆ ಅಲ್ಲಿದೆ. ೧ರಿಂದ ೧೨ರವರೆಗೆ ಎಲ್ಲ ತುಂಡುಗಳೂ ಅವುಗಳ ಜಾಗದಲ್ಲಿವೆ, ಒಂದು ರೂಪಾಯಿ ನಾಣ್ಯವನ್ನು ಮುಚ್ಚಳದ ಒಳಗೆ ಟೇಪಿನಲ್ಲಿ ಅಂಟಿಸಿಟ್ಟಿದ್ದೇನೆ.